ಬೀಗರು ಮುಟ್ಟದ ನೀರು

ಬೇಸಿಗೆ ಎನ್ನುವುದೂ ಖಾತ್ರಿಯಿಲ್ಲ. ನೆನಪಿಗೆ ಬಾಯಾರಿಕೆ ಬೇಕಾಗಿದೆ, ಅದಕ್ಕೇ ಬಿಸಿಲು ತಂದು ಸುರಿಯುತ್ತಿದೆಯೇನೋ. ದೀಪಾವಳಿ ಆದ ಮೇಲೆ ಎನ್ನುತ್ತಾಳೆ ನನ್ನ ಹೆಂಡತಿ, ಅವಳಂತೂ ಅಲ್ಲಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಎಲ್ಲೋ, ಇಷ್ಟು ಸಾಕು.

ಖಾತ್ರಿಯಿರುವುದು ಇದು: ಮದುವೆಗೆ ಮೊದಲು ಅವಳ ದೊಡ್ಡಪ್ಪ ಅಗರಖೇಡದಿಂದ ಬಸ್ಸು ಬದಲಿಸುತ್ತ ಮನಗೂಳಿಗೆ, ನಮ್ಮ ಮನೆ ನೋಡಲು ಬಂದರು. ಹುಡುಗಿಯ ಕಡೆ ಅವರದೇ ಕೊನೆಯ ಮಾತು. ಆಲಮಟ್ಟಿಯ ಕಾಲುವೆ ಕೆಲಸಕ್ಕೆ ರಜೆ ಹಾಕಿ ನಾನು ಕಾದು ಕೂತಿದ್ದೆ. ಹುಡುಗಿಯನ್ನು ಒಮ್ಮೆ ನೋಡಿದ್ದೆ, ಬೇರೆಯವಳು ಬೇಡವಾಗಿತ್ತು. ಅವ್ವ ನೀರಿನ ತಂಬಿಗೆ ತಂದಿಟ್ಟಳು. ಅವರು ಮುಟ್ಟಲಿಲ್ಲ. ಚಹಾ ಬಂತು, ಸರಿಸಿಟ್ಟರು. ಮನೆಯ ನೀರು ಮುಟ್ಟಲಿಲ್ಲವೆಂದರೆ ಸಂಬಂಧ ಬೇಡವೆಂದೇ ನಮ್ಮ ಕಡೆ ಅರ್ಥ.

“ಬ್ಯಾಡಂದ್ರ ಬ್ಯಾಡ ಅನ್ರಿ ಅಣ್ಣಾರ, ಬಾಯಿ ಯಾಕ ಒಣಗಿಸ್ಕೋತೀರಿ?” ಎಂದಳು ಅವ್ವ.

“ಹಂಗಲ್ಲವಾ ತಂಗಿ...” ಎಂದು ಅವರು ತಡವರಿಸಿದರು.

ಗೋಡೆಗೆ ಒರಗಿದ್ದ ನನ್ನ ಅಜ್ಜ, ಅವರು ತೊಡೆ ಬಿಗಿದು ಕೂತದ್ದನ್ನೇ ನೋಡುತ್ತಿದ್ದ.

“ರಾತ್ರಿ ಎಷ್ಟ ಸಲ ಏಳ್ತೀರಿ?”

ದೊಡ್ಡಪ್ಪ ಅವ್ವನ ಕಡೆ ನೋಡಿದರು. ಅವ್ವ ಒಳಗೆ ಹೋದಳು.

“ಮಲಗಿದ್ರ ಏಳೂದ್ರಿ! ಹನಿ ಹನಿ ಬರತೈತಿ, ನಿಲ್ಲತೈತಿ. ಕುಡದ್ರ ಬಸ್ಸಿನ್ಯಾಗ ಕುಂದ್ರಾಕ ಆಗೂದಿಲ್ಲ. ಅದಕ್ಕ ಊರಿಗೆ ಹೊಂಟ್ರ ಮುಂಜಾನಿಯಿಂದ ನೀರ ಬಂದ್.”

“ಛಲೋ ಶ್ಯಾಣ್ಯಾರಿದ್ದೀರಿ ಬಿಡ್ರಿ! ನಾನೂ ಅದನ್ನ ಮಾಡಿದ್ದೆ. ಒಂದಿನ ಉಚ್ಚಿ ಪೂರ್ತಿ ಕಟ್ಟಿಬಿಡ್ತು. ವಿಜಾಪುರದಾಗ ರಬ್ಬರ್ ನಳಿ ಹಾಕಿ ತಗದ್ರು, ಆಮ್ಯಾಲ ಆಪರೇಶನ್. ವಯಸ್ಸಾದಂಗ ಒಳಗ ಗಂಟು ಬೆಳಿತೈತಂತ. ನೀರು ಕುಡಿಯೂದು ಬಿಟ್ರ ಉರಿ ಹೆಚ್ಚಾಗತೈತಿ, ಗಂಟು ಕರಗೂದಿಲ್ಲ ಅಂತ ಡಾಕ್ಟರು ಬೈದ್ರು. ಹಗಲೆಲ್ಲ ಕುಡೀರಿ, ಸಂಜಿಮುಂದ ಕಡಿಮಿ ಮಾಡ್ರಿ, ಮೊದಲ ಡಾಕ್ಟರಿಗೆ ತೋರಿಸ್ರಿ. ಏಳ್ರಿ, ಹಿತ್ತಲಿಗೆ ಹೋಗೂಣು.”

ಇಬ್ಬರು ಮುದುಕರು ಹಿತ್ತಲಿಗೆ ಹೋದವರು ಬೇಗ ಬರಲಿಲ್ಲ. ಒಮ್ಮೆ ನಕ್ಕದ್ದು ಕೇಳಿಸಿತು. ಬಂದವರೇ ದೊಡ್ಡಪ್ಪ ತಂಬಿಗೆ ಎತ್ತಿ ಗಟಗಟ ಕುಡಿದು ಅಡಿಗೆಮನೆಯ ಕಡೆ ಕೂಗಿದರು: “ಇನ್ನೊಂದು ತಂಬಿಗಿ ತಾರವಾ ತಂಗಿ, ಮದುವಿ ಮಾತು ಆಮ್ಯಾಲ.” ಈ ಮಾತು ನಾನೇ ಕಟ್ಟಿದ್ದೂ ಇರಬಹುದು. ನೀರು ಕುಡಿದದ್ದು ನಿಜ.

ಮುಂದಿನ ವಾರ ಅಜ್ಜನೇ ಅವರನ್ನು ವಿಜಾಪುರಕ್ಕೆ ಕರೆದೊಯ್ದ. ಆಪರೇಶನ್ ಆಯಿತು. ನಮ್ಮ ಮದುವೆಯಲ್ಲಿ ಅವರು ಚಹಾ ಕೇಳಿ ಕೇಳಿ ಕುಡಿದರು.

ನನಗಿಂತ ಮೊದಲು ನನ್ನ ಹೆಂಡತಿಗಾಗಿ ಅವರು ಇಂಡಿ, ಸಿಂದಗಿ ಕಡೆ ಬೇರೆ ಮನೆಗಳನ್ನೂ ನೋಡಿ ಬಂದಿದ್ದರಂತೆ. ಯಾವುದೂ ಕೂಡಿಬರಲಿಲ್ಲವಂತೆ. ಅಲ್ಲಿಯೂ ಹೀಗೇ ಬಾಯಾರಿ ಕೂತಿದ್ದರೋ, ಕಾರಣ ಬೇರೆಯೇ ಇತ್ತೋ, ನನಗೆ ಗೊತ್ತಿಲ್ಲ.