ಐದಕ್ಕೆ ಒಂದು ಅಂಕ

ಸುಧಾ, ನಿನ್ನ ಕೆಲಸ ಹೋಗಿದ್ದು ನನ್ನಿಂದ. ಹೆಸರಿಲ್ಲದ ಆ ವರದಿಯನ್ನು ಬರೆದವಳು ನಾನೇ.

ಭಾರತೀನಗರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಗಗನಸಖಿಯ ಕೆಲಸದ ಸಂದರ್ಶನಕ್ಕೂ ಒಟ್ಟಿಗೇ ಹೋದೆವು. ನೀನು ಆಯ್ಕೆಯಾದೆ, ನಾನು ಆಗಲಿಲ್ಲ. ಮುಂದೆ ನನಗೆ ಸಿಕ್ಕಿದ್ದು ವಿಮಾನಗಳ ಸೇವೆಯನ್ನು ಅಳೆಯುವ ಕಂಪನಿಯ ಕೆಲಸ. ಸುರಕ್ಷತೆಯ ನಿಯಮ ಎಲ್ಲ ವಿಮಾನಗಳಿಗೂ ಒಂದೇ. ಹೋಲಿಸಿ ನೋಡಲು ಉಳಿಯುವುದು ಸೇವೆ. ಸಾಮಾನ್ಯ ಪ್ರಯಾಣಿಕಳಂತೆ ಕೂತು, ಸಿಬ್ಬಂದಿಗೆ ತಿಳಿಯದ ಹಾಗೆ ಐದಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಇದನ್ನು ಯಾರಿಗೂ ಹೇಳುವಂತಿರಲಿಲ್ಲ — ನಿನಗೂ.

ಆ ದಿನ ನಿನ್ನ ವಿಮಾನವೇ ನನ್ನ ಪಾಲಿಗೆ ಬಂತು. ಗುರುತಿನವರು ಸಿಕ್ಕರೆ ಆಫೀಸಿಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ನನ್ನನ್ನು ಕಂಡು ನಿನ್ನ ಮುಖ ಅರಳಿತು. “ಇಳುದ್ ಮ್ಯಾಲೆ ಓಡೋಗ್ಬುಡ್ಬ್ಯಾಡ ಕಣೆ, ಒಟ್ಗೆ ಊಟ ಮಾಡನ” ಅಂದೆ ನೀನು.

ಮುಂದಿನ ಸಾಲಿನಲ್ಲಿ, ಮೊದಲ ಸಲ ವಿಮಾನ ಹತ್ತಿದ್ದ ಅಜ್ಜಿಯೊಬ್ಬರು ನಡುಗುತ್ತಿದ್ದರು. ನೀನು ಮಂಡಿಯೂರಿ ಅವರ ಕೈ ಹಿಡಿದುಕೊಂಡೆ. “ಎದ್ರುಕೊಬ್ಯಾಡಿ ಕಣವ್ವ, ನಾನಿಲ್ಲೇ ಇವ್ನಿ.” ಹಿಂದಿನ ಸಾಲುಗಳಿಗೆ ನೀರು ತಡವಾಯಿತು. ನಾನು ಗಡಿಯಾರ ನೋಡಿಕೊಂಡೆ. ಆ ಸಮವಸ್ತ್ರ ನಿನಗೆ ಎಷ್ಟು ಒಪ್ಪುತ್ತಿತ್ತು — ಅದನ್ನೂ ನೋಡಿದೆ...

ಐದಕ್ಕೆ ಒಂದು ಅಂಕ ಕೊಟ್ಟೆ. ಕೆಳಗೆ ಬರೆದೆ: ಒಬ್ಬ ಪ್ರಯಾಣಿಕರ ಬಳಿಯೇ ಉಳಿದು ಇತರರನ್ನು ಕಡೆಗಣಿಸಿದರು. ಅಜ್ಜಿ ಹೆದರಿದ್ದರೆಂದು ಬರೆಯಲಿಲ್ಲ. ಬರೆಯಲು ಜಾಗವಿತ್ತು. ನಿನ್ನ ಜೊತೆ ಊಟಕ್ಕೂ ನಿಲ್ಲಲಿಲ್ಲ.

ಮೂರು ವಿಮಾನ ಕಂಪನಿಗಳ ಹೋಲಿಕೆಯಲ್ಲಿ ನಿಮ್ಮದು ಕೊನೆಗೆ ಬಂತು. ಆ ವರದಿಯನ್ನೇ ತೋರಿಸಿ ನಿನ್ನನ್ನು ತೆಗೆದರು. ಊರಿಗೆ ವಾಪಸಾಗುತ್ತಾ ಮದ್ದೂರು ಬಸ್ ನಿಲ್ದಾಣದಿಂದ ನೀನು ನನಗೇ ಫೋನ್ ಮಾಡಿದೆ. “ಯಾರೋ ಬರ್ದವ್ರೆ ಕಣೆ ನನ್ ಮ್ಯಾಲೆ. ಅವ್ರಿಗೆ ಆ ಅಜ್ಜಿ ಕಾಣ್ನೇ ಇಲ್ವಾ?”

“ಕಾಣ್ನಿಲ್ವೇನೋ, ಬುಡು” ಅಂದೆ ನಾನು.

ವರದಿಗಿಂತ ಈ ಮಾತೇ ನನ್ನನ್ನು ಹೆಚ್ಚು ಸುಟ್ಟಿದೆ. ಆಮೇಲೆ ನಿನ್ನ ಕರೆಗಳನ್ನು ತಪ್ಪಿಸುತ್ತಾ ಬಂದೆ. ಕೊನೆಗೆ ನೀನೂ ನಿಲ್ಲಿಸಿದೆ. ಈಗ ಹಲಗೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತೀಯಂತೆ. ಕೆರಗೋಡಿನ ಬಸ್ಸಿನಲ್ಲಿ, ಕಾಲೇಜಿನ ದಿನಗಳಲ್ಲಿ ನಿನಗಾಗಿ ಹಿಡಿಯುತ್ತಿದ್ದ ಹಾಗೆ, ಇವತ್ತಿಗೂ ಪಕ್ಕದ ಸೀಟಿಗೆ ಬ್ಯಾಗಿಟ್ಟು ಜಾಗ ಹಿಡಿಯುತ್ತೇನೆ — ನೀನು ಹತ್ತುವುದಿಲ್ಲವೆಂದು ಗೊತ್ತಿದ್ದೂ. ಯಾರಾದರೂ ಕೇಳಿದಾಗ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತೇನೆ. ನಿನ್ನಷ್ಟು ಸಲಿಗೆಯಿಂದ ನನ್ನನ್ನು ಬೈದವರು ಮತ್ತೆ ಯಾರೂ ಸಿಗಲಿಲ್ಲ, ಸುಧಾ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಹಲಗೂರಿಗೆ ಬಂದು ನಿನ್ನೆದುರೇ ನಿಂತು ಓದುತ್ತೇನೆ. ಮುಗಿದ ಮೇಲೆ ನೀನು ಬಾಗಿಲು ಹಾಕಿಕೊಂಡರೂ ಸರಿ — ಹಾಕಿಕೊಳ್ಳುವ ಮುಂಚೆ ಒಮ್ಮೆ ನಿನ್ನ ಮುಖ ನೋಡಬೇಕು.