ಅಕ್ರೋಟಿನ ಊರಲ್ಲಿ ನಿಗೀನಾಳ ಕಾವಲು

ಬೆಟ್ಟದ ಹಿಂದೆ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಶಿಶುವಿಹಾರದ ಗೇಟಿನ ಬಳಿ ಆಯಾ ಸನೋಬರಕ್ಕ ಬಕೆಟ್ಟಿಗೆ ಬಿಸಿನೀರು ಬೆರೆಸುತ್ತಿದ್ದಾರೆ. ಬರುವ ಮಕ್ಕಳೆಲ್ಲ ಮೊದಲು ಜೇಬು ಕೊಡವಬೇಕು, ಸೋಪು ಹಚ್ಚಿ ಕೈ ತೊಳೆಯಬೇಕು, ಆಮೇಲೆ ಅಂಗೈಯನ್ನು ಅವರ ಮೂಗಿನ ಮುಂದೆ ಹಿಡಿಯಬೇಕು.

“ಇನ್ನೂ ವಾಸನೆ ಇದೆಯಲ್ಲೋ ಕಳ್ಳಾ. ದಾರೀಲಿ ಎಷ್ಟು ಮುಕ್ಕಿದೆ?”

“ಒಂದೇ ಒಂದು ಅಕ್ಕಾ.”

“ಒಂದಂತೆ ಒಂದು. ಅದರ ಚೂರು ಇನ್ನೂ ನಿನ್ನ ಗಲ್ಲದ ಮೇಲೇ ಕೂತಿದೆ. ಬಾಯಿ ಮುಕ್ಕಳಿಸು, ನಡಿ.”

ಇದು ಅಕ್ರೋಟು ಕಾಡಿನ ತಪ್ಪಲು. ಶರತ್ಕಾಲ ಬಂತೆಂದರೆ ಮನೆಮಂದಿಯೆಲ್ಲ ಮರದ ಬುಡದಲ್ಲಿ. ಅಂಗಳದಲ್ಲಿ, ಜೇಬಿನಲ್ಲಿ, ಹಾಸಿಗೆಯ ಅಡಿಯಲ್ಲೂ ಅಕ್ರೋಟು. ಅದರ ಒಂದು ಚೂರು ಬಾಯಿಗೆ ಹೋದರೆ ಉಸಿರು ಕಟ್ಟುವ ನಿಗೀನಾ ಇಂಥ ಊರಲ್ಲೇ ಹುಟ್ಟಬೇಕಿತ್ತೇ? ಎರಡು ವರ್ಷದ ಹಿಂದೆ ಗೆಳತಿ ಹಂಚಿಕೊಂಡ ಅಕ್ರೋಟಿನ ರೊಟ್ಟಿ ತಿಂದು ಅವಳ ಮುಖ ಊದಿಕೊಂಡಿತ್ತು. ಆಸ್ಪತ್ರೆಯವರು ಹೇಗೋ ಉಳಿಸಿದರು. ಮಗುವನ್ನು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಊರೆಲ್ಲ ಬುದ್ಧಿ ಹೇಳಿತು. ಅಂಚೆ ಕಚೇರಿಯಲ್ಲಿ ದುಡಿಯುವ ತಾಯಿ ಅಳುತ್ತಾ ನಿಂತಿದ್ದಾಗ ಸನೋಬರಕ್ಕ, “ಕಳಿಸಮ್ಮಾ, ನಾನಿದೀನಿ” ಎಂದುಬಿಟ್ಟರು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಅಕ್ರೋಟಿನ ಹಸಿ ಸಿಪ್ಪೆ ಸುಲಿದ ಕೈ ಇದ್ದಿಲಿನಂತೆ ಕಪ್ಪಾಗುತ್ತದೆ. ಕಪ್ಪು ಕೈ ಎಂದರೆ ಕೊಳೆ ಕೈ ಎಂದುಕೊಂಡ ಸನೋಬರಕ್ಕ ಮೊದಮೊದಲು ಮಕ್ಕಳ ಅಂಗೈಯನ್ನು ನಾರು ಹಾಕಿ ಉಜ್ಜಿದ್ದೇ ಉಜ್ಜಿದ್ದು. ಮಕ್ಕಳು ಕಿರುಚಿದರು, ತಾಯಂದಿರು ಸೆರಗು ಕಟ್ಟಿ ಜಗಳಕ್ಕೆ ಬಂದರು. ಕಲೆ ಮಾತ್ರ ಹಿಮ ಬೀಳುವವರೆಗೂ ಹೋಗಲಿಲ್ಲ.

“ಇಲ್ಲೇ ಹುಟ್ಟಿ ಬೆಳೆದೋಳು ನಾನು, ನನ್ನ ಕೈಯೂ ಹಂಗೇ ಇತ್ತು. ಅದನ್ನ ನೋಡ್ಕೊಳ್ಳಲೇ ಇಲ್ಲ ನೋಡಿ,” ಎಂದು ಈಗ ನಗುತ್ತಾರೆ. ಅಂದಿನಿಂದ ಬಣ್ಣವನ್ನು ನಂಬದೆ ಸೋಪನ್ನೂ ಮೂಗನ್ನೂ ನಂಬಿದ್ದಾರೆ. ಅಡುಗೆಮನೆಗೆ ಅಕ್ರೋಟಿನ ಪ್ರವೇಶವಿಲ್ಲ. ನಿಗೀನಾಳ ಚುಚ್ಚುಮದ್ದು ಸದಾ ಅವರ ಸೊಂಟದ ಚೀಲದಲ್ಲಿರುತ್ತದೆ. ಕಾಡಿಗೆ ಹೋಗಿ ಅಕ್ರೋಟು ಆರಿಸುವುದನ್ನೂ ಬಿಟ್ಟಿದ್ದಾರೆ. ಗಂಡ ಗೊಣಗುತ್ತಾನೆ, ಗೊಣಗಿಕೊಂಡೇ ಇವರ ಪಾಲಿನದ್ದನ್ನೂ ಆರಿಸಿ ತರುತ್ತಾನೆ.

ಅವರ ನಿಜವಾದ ತಲೆನೋವು ಮಕ್ಕಳಲ್ಲ, ಹಿರಿಯರು. ಸಂತೋಷದ ಸಿಹಿಯಲ್ಲಿ ಪ್ರತಿಯೊಬ್ಬರಿಗೂ ಒಂದು ನಸೀಬಾ, ಅಂದರೆ ದೇವರು ಬರೆದ ಪಾಲು ಇರುತ್ತದೆ. ಅದನ್ನು ಬೇಡ ಎನ್ನುವುದು ಅಪಶಕುನ. “ಒಂದು ಚೂರಿಗೆ ಏನಾಗುತ್ತೆ” ಎನ್ನುವ ಅಜ್ಜ ಅಜ್ಜಿಯರನ್ನು ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಅವರು ನಿಭಾಯಿಸಬೇಕು. “ಮುಂದಿನ ವರ್ಷ ನಿಗೀನಾ ಸ್ಕೂಲಿಗೆ ಹೋಗ್ತಾಳೆ. ಅಲ್ಲಿಗೂ ಹಿಂದೆ ಹಿಂದೆ ಹೋಗೋಕಾಗುತ್ತಾ? ತಾನೇ ಬೇಡ ಅನ್ನೋದು ಕಲೀಬೇಕು. ಅದೊಂದೇ ನನ್ನ ಚಿಂತೆ.”

ಹೀಗೆನ್ನುತ್ತಾ ಅವರು ಒಂದು ಮಗುವಿನ ಕೈಗೆ ಸೋಪು ಹಚ್ಚುತ್ತಿರುವಾಗಲೇ ಊರಿನ ತುರ್ದಿ ಅಜ್ಜ ತಟ್ಟೆ ಹಿಡಿದು ಬರುತ್ತಾರೆ. ಮೊಮ್ಮಗ ಹುಟ್ಟಿದ್ದಾನೆ, ಅಕ್ರೋಟಿನ ಹಲ್ವ. ಗೇಟಿನ ಆಚೆ ತಾಯಿಯ ಕೈ ಹಿಡಿದು ನಿಂತಿದ್ದ ನಿಗೀನಾಳ ಬಾಯಿಯ ಹತ್ತಿರಕ್ಕೇ ಒಂದು ತುಂಡು ಹೋಗುತ್ತದೆ.

“ತಗೋ ಕೂಸೇ, ನಿನ್ನ ನಸೀಬಾ.”

ಸನೋಬರಕ್ಕ ಬಕೆಟ್ಟನ್ನು ಒದ್ದುಕೊಂಡೇ ಓಡುತ್ತಾರೆ. ಅಷ್ಟರಲ್ಲಿ ನಿಗೀನಾ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದಾಳೆ.

“ನನ್ನ ಪಾಲು ನೀವೇ ತಿನ್ನಿ ಅಜ್ಜ. ಪಾಪುಗೆ ಒಳ್ಳೇದಾಗ್ಲಿ.”

ಮಗುವಿನ ಹಾರೈಕೆಯನ್ನು ಬೇಡ ಎನ್ನಲು ಯಾವ ಅಜ್ಜನಿಗೆ ಸಾಧ್ಯ? ತುರ್ದಿ ಅಜ್ಜ ಆ ತುಂಡನ್ನು ಬಾಯಿಗೆ ಹಾಕಿಕೊಂಡು, ಕಣ್ಣು ತುಂಬಿಕೊಂಡು, ಅವಳ ತಲೆ ಸವರಲು ಕೈ ಚಾಚುತ್ತಾರೆ. ಸನೋಬರಕ್ಕ ಅವರ ಮೊಣಕೈ ಹಿಡಿದು ಬಕೆಟ್ಟಿನಲ್ಲಿ ಉಳಿದ ನೀರಿನ ಕಡೆಗೆ ನಡೆಸುತ್ತಾರೆ. “ಮೊದಲು ಕೈ ತೊಳೀರಿ, ಆಮೇಲೆ ಆಶೀರ್ವಾದ.”

ಚೆಲ್ಲಿದ ನೀರಿನ ನಡುವೆ ಅವರಿಗೂ ಕಣ್ಣು ಒದ್ದೆ. ನಿಗೀನಾಳ ತಾಯಿ ಏನೋ ಹೇಳಹೊರಟರೆ ತಡೆಯುತ್ತಾರೆ.

“ನನ್ನ ಯಾಕಮ್ಮಾ ಹೊಗಳ್ತೀಯಾ? ಆ ಮಾತು ನಾನು ಹೇಳಿಕೊಟ್ಟಿದ್ದಲ್ಲ. ನಾನಾಗಿದ್ರೆ ಬೈದೇ ಬಿಡ್ತಿದ್ದೆ.”