ನಾನು ಹೋದಾಗಲೆಲ್ಲ ಬಂದ್ ಇದ್ದ ಟಿವಿ

ಪಿಎಚ್.ಡಿ. ಮಾಡುವಾಗ ನಾನು ಓದಿದ ಪ್ರಬಂಧಗಳಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಎರಡೇ ವೇಷ. ಒಂದು, ಯಂತ್ರ ಕಂಡರೆ ಹೆದರುವವರು. ಇನ್ನೊಂದು, ಎಷ್ಟು ತರಬೇತಿ ಕೊಟ್ಟರೂ ತಲೆಗೆ ಹೋಗದವರು. ಮೂರನೆಯದನ್ನು ಹುಡುಕುವ ಗೋಜಿಗೆ ನಾನೂ ಹೋಗಲಿಲ್ಲ. ರಾಯಚೂರಿನಿಂದ ಯರಗೇರಾದ ಯುನಿವರ್ಸಿಟಿ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಅಂಥದ್ದನ್ನೇ ಓದಿ, ಅಂಥದ್ದನ್ನೇ ಬರೆಯಲು ತಯಾರಾಗಿದ್ದೆ.

ತರಗತಿಯಲ್ಲಿ ಸ್ಮಾರ್ಟ್ ಟಿವಿಯನ್ನು ಶಿಕ್ಷಕರು ಎಷ್ಟು ಬಳಸುತ್ತಾರೆ ಎಂಬುದು ನನ್ನ ವಿಷಯ. ಟಿವಿ ಕೊಟ್ಟದ್ದು ಒಂದು ಖಾಸಗಿ ಸಂಸ್ಥೆ. ದೇವದುರ್ಗ, ಮಾನ್ವಿ ತಾಲೂಕುಗಳ ಕೆಲವು ಶಾಲೆಗಳಿಗೆ ಹೋಗಿ, ಪಾಠ ನೋಡಲು ಬಂದಿದ್ದೇನೆ ಎಂದಷ್ಟೇ ಶಿಕ್ಷಕರಿಗೆ ಹೇಳಿ, ಹಿಂದೆ ಕೂತು, ಹಾಳೆಯಲ್ಲಿ ಗುರುತು ಹಾಕಬೇಕು. ಟಿವಿ ಚಾಲೂ ಇದ್ದರೆ ಒಂದು ಖಾನೆ, ಬಂದ್ ಇದ್ದರೆ ಇನ್ನೊಂದು. ಯಾಕೆ ಬಂದ್ ಇದೆ ಎಂದು ಬರೆಯಲು ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಹಾಳೆ ತಯಾರಿಸಿದವಳೂ ನಾನೇ.

ಹಿರೇಕೊಟ್ನೆಕಲ್ ದಾಟಿ ಹೋದರೆ ಸಿಗುವ ಒಂದು ಶಾಲೆಯಲ್ಲಿ ಐವತ್ತು ದಾಟಿದ ವಿಜ್ಞಾನದ ಟೀಚರ್ ಇದ್ದರು. ನಾಲ್ಕು ಸಲ ಹೋದೆ, ನಾಲ್ಕೂ ಸಲ ಟಿವಿ ಬಂದ್. ಮಕ್ಕಳು ಎದ್ದು ಕೈಮುಗಿಯುತ್ತಿದ್ದರು. ಟೀಚರ್ "ಬರ್ರಿ ಮ್ಯಾಡಂ, ಕುಂದರ್ರಿ" ಎಂದು ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟು, ಚಹಾ ತರಿಸಿ, ಆಮೇಲೆ ಸೀಮೆಸುಣ್ಣ ಹಿಡಿಯುತ್ತಿದ್ದರು. ಪಾಪ, ಇವರಿಗೆ ಟಿವಿ ಬರುವುದಿಲ್ಲ ಎಂದುಕೊಂಡೆ. ಅವರ ಚಹಾ ಕುಡಿಯುತ್ತಲೇ ಗುರುತು ಹಾಕಿದೆ. 'ತಂತ್ರಜ್ಞಾನಕ್ಕೆ ಅಂಜುವ ಶಿಕ್ಷಕಿ' ಎಂದು ಒಂದಿಡೀ ಪುಟ ಬರೆದೆ. ಗೈಡ್ ಮೆಚ್ಚಿದರು. ಸಂಸ್ಥೆಯವರು ವರದಿ ಕೇಳಿದರು, ಕೊಟ್ಟೆ. ಶಾಲೆ ಯಾವುದು ಎಂದು ಕೇಳಿದರು, ಅದನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತು.

ಕೆಲವು ತಿಂಗಳಾದ ಮೇಲೆ ಪಾಠ ನೋಡಲು ಆ ಟೀಚರ್ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಒಂದು ಸಹಿ ಬಿಟ್ಟುಹೋದದ್ದು ಕಂಡಿತು. ಈ ಸಲ ಮಾತ್ರ ಮೊದಲೇ ಫೋನ್ ಮಾಡದೆ ಹೊರಟೆ. ಗೇಟಿನೊಳಗೆ ಕಾಲಿಡುತ್ತಿದ್ದಂತೆ ಟಿವಿಯ ಸದ್ದು. ಕಿಟಕಿಯ ಹತ್ತಿರ ನಿಂತುಬಿಟ್ಟೆ. ಪರದೆಯ ಮೇಲೆ ಹೃದಯ ಬಡಿಯುತ್ತಿತ್ತು. ಟೀಚರ್ ಅಲ್ಲಿಗೇ ನಿಲ್ಲಿಸಿ, "ಈಗ ರಕ್ತ ಯಾ ಕಡೆ ಹೋಗ್ತದ? ಮೊದಲ ನೀವು ಹೇಳ್ರಿ, ಆಮ್ಯಾಲ ತೋರಿಸ್ತೀನಿ" ಎಂದರು. ಮಕ್ಕಳು ಕೂಗಾಡಿದರು, ಇಬ್ಬರು ಹುಡುಗಿಯರಂತೂ ಜಗಳಕ್ಕೇ ಬಿದ್ದರು. ಎಲ್ಲರ ಮಾತು ಮುಗಿದ ಮೇಲೆ ಮತ್ತೆ ಚಾಲೂ ಮಾಡಿ, ಯಾರದು ಸರಿ ಎಂದು ಮಕ್ಕಳಿಂದಲೇ ಹೇಳಿಸಿದರು. ಟಿವಿಯನ್ನು ಇಷ್ಟು ಚೆನ್ನಾಗಿ ದುಡಿಸಿಕೊಂಡ ಪಾಠವನ್ನು ನಾನು ಎಲ್ಲೂ ಕಂಡಿರಲಿಲ್ಲ, ಓದಿರಲೂ ಇಲ್ಲ.

ಒಳಗೆ ಹೋದೆ. ನನ್ನನ್ನು ಕಂಡವರೇ ಟೀಚರ್ ರಿಮೋಟ್ ಒತ್ತಿ ಟಿವಿ ಬಂದ್ ಮಾಡಿದರು.

"ಯಾಕ್ರೀ ಬಂದ್ ಮಾಡಿದ್ರಿ?" ನನ್ನ ದನಿ ಕಿರುಚಿದಂತಿತ್ತು.

ಅವರು ಗಾಬರಿಯಾಗಿ ನನ್ನನ್ನು ವರಾಂಡಕ್ಕೆ ಕರೆದುಕೊಂಡು ಬಂದರು. "ಮನುಷ್ಯಾರು ಬಂದಾಗ ಟಿವಿ ಹಚ್ಚಿಕೊಂಡು ಕುಂದ್ರತಾರೇನ್ರೀ? ಮರ್ಯಾದಿ ಅಲ್ಲ ಅದು. ಮತ್ತ ನೀವು ಯುನಿವರ್ಸಿಟಿಯಿಂದ ಬಂದೋರು. ಟಿವಿ ಹಚ್ಚಿ ಕೈ ಕಟ್ಟಿ ನಿಂತ್ರ, ಈಕಿ ಕಲಿಸಾಂಗಿಲ್ಲ ಅಂತ ತಿಳ್ಕೊಂತೀರಿ ಅಂತ ನಾನೇ ಪಾಠ ಮಾಡಿದೆ."

ಮಸರಕಲ್ಲಿನ ನಮ್ಮ ಮನೆಯಲ್ಲಿ ಅವ್ವ ಮಾಡುತ್ತಿದ್ದುದೂ ಇದನ್ನೇ. ಕೂಲಿಯಿಂದ ಬಂದು ಧಾರಾವಾಹಿ ನೋಡುತ್ತಾ ಕೂತವಳು, ಬಾಗಿಲಲ್ಲಿ ಯಾರಾದರೂ ಕಂಡರೆ ಮೊದಲು ಟಿವಿ ಬಂದ್ ಮಾಡಿ ಆಮೇಲೆ ಚಾಪೆ ಹಾಸುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವಳಿಗೆ, ಕೈಗೊಂದು ಹಾಳೆ ಬಂದ ಕೂಡಲೇ ಕಣ್ಣು ಕುರುಡಾಗಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಇದು ಯಾರ ಅಧ್ಯಯನ ಅಂತ ತಿಳೀವಲ್ದು ನೋಡ್ರಿ" ಎಂದು ಟೀಚರ್ ಬ್ಯಾಗಿನಿಂದ ಸಂಸ್ಥೆಯ ಒಂದು ಪತ್ರ ತೆಗೆದು ಕೊಟ್ಟರು. ಈ ಶಾಲೆಯಲ್ಲಿ ಟಿವಿ ಬಳಕೆಯಾಗುತ್ತಿಲ್ಲವೆಂದು ಅಧ್ಯಯನದಿಂದ ತಿಳಿದಿದೆ, ಸೋಮವಾರ ವಾಪಸು ಒಯ್ಯಲಾಗುವುದು ಎಂದಿತ್ತು. ಅಲ್ಲಿಂದಲೇ ಸಂಸ್ಥೆಗೆ ಫೋನ್ ಮಾಡಿ, ಬರೆದವಳು ನಾನು, ಬರೆದದ್ದು ತಪ್ಪು ಎಂದೆ.

"ನಾಕ್ ಸಲ ನೋಡಿ ಬರದೀರಿ. ಇವತ್ತು ಒಂದು ಸಲ ನೋಡಿ ಬದಲ್ ಮಾಡಂದ್ರ ಹೆಂಗ್ರೀ ಮ್ಯಾಡಂ? ಆ ಟಿವಿ ಬ್ಯಾರೆ ಊರ ಶಾಲಿಗೆ ಕೊಡ್ತೀವಂತ ಹೇಳಿ ಆಗೇದ" ಎಂದು ಆ ಕಡೆಯವರು ಫೋನ್ ಇಟ್ಟರು.

ಟೀಚರ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಟಿವಿ ಹೋದ್ರ ಹೋಗ್ಲಿ," ಎಂದರು ಕೊನೆಗೆ. "ಇಷ್ಟ್ ವರ್ಷ ಅದಿಲ್ಲದ ಕಲಿಸೀನಿ. ಆದ್ರ ಟೀಚರ್‌ಗೆ ಹಚ್ಚಾಕ ಬರಾಂಗಿಲ್ಲಂತ, ಅದಕ್ಕ ಒಯ್ಯಾಕತ್ತಾರಂತ ಅಂತ ಊರ ಮಂದಿ ಮಾತಾಡಾಕತ್ತಾರ. ನಿಮಗ ಬರ್ತದಲ್ರೀ, ಮತ್ಯಾಕ ಒಯ್ತಾರ ಅಂತ ಹುಡುಗ್ರು ಕೇಳ್ತಾವ. ನಾ ಏನು ಹೇಳ್ಲಿ? ನೀವೇ ಹೇಳ್ರಿ ಬರ್ರಿ."

ಮಕ್ಕಳ ಮುಂದೆ ನಿಂತೆ. ಅಲ್ಲಿಯೂ ನನ್ನ ಬಾಯಿ ನುಣುಚಿಕೊಳ್ಳಲು ನೋಡಿತು. "ನಿಮ್ಮ ಟೀಚರ್‌ದು ಏನೂ ತಪ್ಪಿಲ್ಲ. ಅವರ ಬಗ್ಗೆ ಯಾರೋ ಸುಳ್ಳು ಬರದಾರ," ಎಂದೆ.

ಮುಂದೆ ಕೂತ ಹುಡುಗಿ ಎದ್ದು ನಿಂತಳು. "ಯಾರ್ರೀ ಮ್ಯಾಡಂ?"

ಟೀಚರ್ ಕಡೆ ನೋಡಿದೆ. ಅವರು ನನ್ನ ಹೆಸರು ಹೇಳಲಿಲ್ಲ, ನನ್ನನ್ನು ಉಳಿಸಲೂ ಇಲ್ಲ.

"ನಾನೇ," ಎಂದೆ.